ಒಂದೇ ಇಂಗ್ಲಿಷಿನ ಮೇಷ್ಟ್ರು

ಮೇಷ್ಟ್ರ ಸಂಕಟ ಇಷ್ಟೇ: ಸೊಸೆ ಹಾಡಹಗಲೇ ಸುಳ್ಳು ಹೇಳುತ್ತಿದ್ದಳು. ಅದೂ ಇಂಗ್ಲಿಷಿನಲ್ಲಿ!

ಮಾತಿನ ಸುಳ್ಳಲ್ಲ, ದನಿಯ ಸುಳ್ಳು. ಬಟ್ಟೆ ಒಗೆಯುವ ಮಷೀನಿನ ಕಂಪನಿಯೊಂದಕ್ಕೆ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಯಾವ ದೇಶದಲ್ಲಿ ಯಾರ ಮಷೀನು ಮುನಿಸಿಕೊಂಡರೂ ಫೋನು ಬರುವುದು ಇವಳ ಕಿವಿಗೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ತಲೆಗೊಂದು ಹೆಡ್‌ಫೋನು. (ಅವಳು ಕೂತಾಗ ಕುಕ್ಕರ್ ಕೂಗಬಾರದು, ಮಿಕ್ಸಿ ತಿರುಗಬಾರದು, ಮೇಷ್ಟ್ರು ಸೀನಬಾರದು. ಮೊದಲ ಎರಡನ್ನು ಮೇಷ್ಟ್ರ ಹೆಂಡತಿ ನೋಡಿಕೊಳ್ಳುತ್ತಿದ್ದರು. ಮೂರನೆಯದು ದೈವೇಚ್ಛೆ.)

ಸಿಂಗಪುರದವರು ಕರೆದರೆ ಸೊಸೆಯ ವಾಕ್ಯಕ್ಕೆ 'ಲಾ' ಎಂಬ ಬಾಲ ಬೆಳೆಯುತ್ತಿತ್ತು. ಸ್ಕಾಟ್ಲೆಂಡಿನ ಮುದುಕಿಯರು ಕರೆದರೆ ರಕಾರ ಗುಂಡಿಯ ಮೇಲೆ ಹೋಗುವ ಗಾಡಿಯಂತೆ ಗಡಗಡಿಸುತ್ತಿತ್ತು. ನೈಜೀರಿಯಾದವರಾದರೆ ಮೊದಲು ಎರಡು ಸಲ 'ಸಾರಿ', ಆಮೇಲೆ ಮಿಕ್ಕ ಮಾತು. ಜೀವಮಾನವಿಡೀ ಶಾಲೆಯಲ್ಲಿ ಇಂಗ್ಲಿಷು ಕಲಿಸಿ ನಿವೃತ್ತರಾದ ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು ಇದನ್ನೆಲ್ಲ ಕೇಳುತ್ತ ಹಲ್ಲು ಕಡಿಯುತ್ತಿದ್ದರು.

"ಇಂಗ್ಲಿಷು ಅನ್ನೋದು ಒಂದೇ ಕಣೇ. ಸೂರ್ಯ ಒಬ್ಬನೇ ಇದ್ದ ಹಾಗೆ," ಎಂದರು ಒಂದು ದಿನ ಹೆಂಡತಿಗೆ.

"ಸೂರ್ಯನೂ ಬೆಳಿಗ್ಗೆ ಒಂಥರಾ, ಮಧ್ಯಾಹ್ನ ಒಂಥರಾ ಇರ್ತಾನಲ್ರೀ," ಎಂದು ಅವರು ಅಕ್ಕಿ ತೊಳೆಯುವುದನ್ನು ಮುಂದುವರಿಸಿದರು.

ಸೊಸೆಯನ್ನೇ ಕರೆದು ವಿಚಾರಣೆ ಮಾಡಿದ್ದಾಯಿತು. "ಜನರನ್ನ ಅಣಕಿಸ್ತೀಯಲ್ಲಮ್ಮಾ, ತಪ್ಪಲ್ವಾ?"

"ಅಣಕ ಅಲ್ಲ ಮಾವ. ಮಷೀನು ಕೆಟ್ಟವರು ಗಾಬರಿಯಲ್ಲಿರ್ತಾರೆ. ಅವರು ಮಾತಾಡೋ ಕಡೆಗೆ ನಾನೂ ಸ್ವಲ್ಪ ವಾಲಿದ್ರೆ, ಯಾರೋ ನಮ್ಮೋರೇ ಸಿಕ್ಕಿದ್ರು ಅಂತ ಉಸಿರು ಬಿಡ್ತಾರೆ."

"ವಾಲೋದಕ್ಕೆ ನೀನೇನು ಹಳೇ ಗೋಡೆನಾ? ನೆಟ್ಟಗೆ ನಿಲ್ಲು. ನಾಳೆ ನಾನು ಪಕ್ಕದಲ್ಲಿ ಕೂರ್ತೀನಿ."

ಸೊಸೆ ಅತ್ತೆಯ ಮುಖ ನೋಡಿದಳು. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ವಾರವೇ ಮೇಲಿನವರು ಅವಳ ಮಾತು ಕದ್ದು ಕೇಳಿ ತೀರ್ಮಾನ ಮಾಡುವವರಿದ್ದರು. ಆದರೆ ಮಾವನಿಗೆ ಎದುರಾಡಿ ಅಭ್ಯಾಸವಿಲ್ಲ. "ಹೂಂ ಮಾವ," ಎಂದಳು.

ಮಾರನೆಯ ದಿನ ಶುದ್ಧ ಇಂಗ್ಲಿಷಿನ ಪಟ್ಟಾಭಿಷೇಕ. ಮೇಷ್ಟ್ರು ಇಸ್ತ್ರಿ ಶರ್ಟು ತೊಟ್ಟು ಪಕ್ಕದಲ್ಲಿ ವಿರಾಜಮಾನರಾದರು. ಮೊದಲು ವಂದನೆ, ಆಮೇಲೆ ಕೃತಜ್ಞತೆ, ಆಮೇಲೆ ಅಪ್ಪಣೆ ಕೇಳುವುದು, ಅನಂತರವೇ ವಿಷಯ, ಅದೂ ಪೂರ್ಣ ವಾಕ್ಯದಲ್ಲಿ. ವಾಕ್ಯ ಅರ್ಧಕ್ಕೆ ನಿಂತರೆ ಬೆರಳಿನಿಂದ ಮೇಜಿನ ಮೇಲೆ ಟಕ್!

ಮೊದಲ ಕರೆ ಸ್ಕಾಟ್ಲೆಂಡಿನ ಒಬ್ಬ ಅಜ್ಜಿಯದು. ಒಂದು ಪುಟ್ಟ ತೊಂದರೆ ಎಂದರಂತೆ. ಆ ಊರಿನ ಅಜ್ಜಿಯರು ಪುಟ್ಟದು ಎಂದರೆ ಮನೆ ಮುಳುಗುತ್ತಿದೆ ಎಂದು ಸೊಸೆಗೆ ಗೊತ್ತು. ನೀರಿನ ನಲ್ಲಿ ಮುಚ್ಚಿ ಎನ್ನಲು ಬಾಯಿ ತೆರೆದಳು. ಟಕ್! ವಂದನೆ ಬಿಟ್ಟುಹೋಗಿತ್ತು. ವಂದನೆ ಮುಗಿಸಿ, ತಮ್ಮ ಅಮೂಲ್ಯವಾದ ಕರೆಗಾಗಿ ನಾವು ಹೃತ್ಪೂರ್ವಕವಾಗಿ ಎಂಬಲ್ಲಿಗೆ ಬರುವಷ್ಟರಲ್ಲಿ ಆ ಕಡೆ ನೀರು ಹಜಾರಕ್ಕೆ ಬಂದು, ಬೆಕ್ಕು ಮೇಜು ಹತ್ತಿತ್ತು.

ಆಮೇಲೆ ನೈಜೀರಿಯಾದ ಒಬ್ಬ ವರ. ಮದುವೆಯ ಅಂಗಿ ಮಷೀನಿನೊಳಗೆ ಸಿಕ್ಕಿ ಹರಿದಿದೆ. ಸೊಸೆ 'ಸಾ' ಎಂದಳೋ ಇಲ್ಲವೋ, ಟಕ್!

"ತಪ್ಪು ನಿಂದಲ್ಲ, ಸಾರಿ ಯಾಕೆ?" ಎಂದು ಮೇಷ್ಟ್ರು ಪಿಸುಗುಟ್ಟಿದರು.

ಅವರ ಕಡೆ ಯಾರು ಎಡವಿ ಬಿದ್ದರೂ ಕಂಡವರೆಲ್ಲ ಸಾರಿ ಅನ್ನುತ್ತಾರೆ, ನಾವು ಅಯ್ಯೋ ಪಾಪ ಅಂದ ಹಾಗೆ, ಎಂದು ವಿವರಿಸಲು ಸೊಸೆಗೆ ಪುರುಸೊತ್ತೆಲ್ಲಿ? ಅಯ್ಯೋ ಎನ್ನದೆ ನೇರವಾಗಿ ಮಷೀನಿನ ನಂಬರು ಕೇಳಿದಳು. ಆ ಹುಡುಗ, "ನನ್ನ ಮೇಲೆ ಕೋಪಾನಾ ಅಕ್ಕ?" ಎಂದು ಕೇಳಿದನಂತೆ.

ಸಂಜೆ ಸೊಸೆಯ ಮೇಲಧಿಕಾರಿಣಿ ಫೋನು ಮಾಡಿದಳು. ಇಂಥದ್ದೇ ಇನ್ನೊಂದು ದಿನವಾದರೆ ಕೆಲಸ ಇಲ್ಲ ಎಂದಳು. ಊಟಕ್ಕೆ ಕೂತಾಗ ಸೊಸೆ ಅಷ್ಟನ್ನು ಮಾತ್ರ ಹೇಳಿದಳು. ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಿನಲ್ಲಿ ಆ ಕಡೆಯಿಂದ ಈ ಕಡೆಗೆ ತಳ್ಳಿ ಎದ್ದುಹೋದಳು.

ಅದನ್ನು ನೋಡಿ ಮೇಷ್ಟ್ರು ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟರು. ಬೈದಿದ್ದರೆ ವಾದ ಮಾಡಬಹುದಿತ್ತು. ಅವಳು ಬೈಯಲಿಲ್ಲವಲ್ಲ! ಶಾಲೆಯಲ್ಲಿ ಟಕ್ ಎಂದಾಗಲೆಲ್ಲ ಬಾಯಿಗೆ ಬಂದ ಮಾತು ನುಂಗಿ ಕೂತ ಮಕ್ಕಳು ಎಷ್ಟಿದ್ದರೋ ಎಂಬ ಯೋಚನೆ ಕೂಡ ಬಂದು, ಬೇಡವೆಂದರೂ ಪಕ್ಕದಲ್ಲೇ ಕೂತಿತು.

"ನಾಳೆಯಿಂದ ನಿನಗೆ ತೋಚಿದ ಹಾಗೆ ಮಾತಾಡಮ್ಮಾ," ಎಂದರು ಬಾಗಿಲ ಹೊರಗೆ ನಿಂತು.

ಅಂದಿನಿಂದ ಮೇಷ್ಟ್ರು ಪೇಪರಿನ ಹಿಂದೆ ಮೌನಿ. ಕೇಳುತ್ತ ಕೇಳುತ್ತ ಹಲ್ಲು ಕಡಿಯುವುದು ಮರೆತೇಹೋಯಿತು. ಅಜ್ಜಿಯರ ಗಡಗಡ ಬಂದರೆ ಮುಗುಳ್ನಗುವಷ್ಟು ಮುಂದುವರಿದರು. 'ಲಾ' ಕೇಳಿದರೆ ತಲೆಯೂ ಆಡುತ್ತಿತ್ತು.

ವಾರದ ಕೊನೆಯ ದಿನ ಕೋಣೆಯಿಂದ ಹೊಸದೊಂದು ಇಂಗ್ಲಿಷು ಬಂತು. ಸೊಸೆಯ ದನಿಯೇ, ಆದರೆ ಒಂದೊಂದು ಪದಕ್ಕೂ ಮೊಳೆ ಹೊಡೆದಂತೆ ಬಿಗಿ. ನಡುನಡುವೆ ಗಂಟಲು ಸರಿಮಾಡಿಕೊಳ್ಳುವುದು. ಯಾವ ವಾಕ್ಯ ಮುಗಿದರೂ ಕೊನೆಗೊಂದು "ಅರ್ಥವಾಯಿತೇ?"

ಮೇಷ್ಟ್ರು ಪೇಪರು ಮಡಿಸಿ ಅಡುಗೆಮನೆಗೇ ಬಂದರು. "ಏನೇ, ಇದ್ಯಾವ ದೇಶದ್ದೇ? ಎಲ್ಲಾ ಸಹಿಸ್ಕೊಂಡೆ, ಇದೊಂದು ಆಗಲ್ಲ. ಪಾಪ, ಯಾವ ಮೇಷ್ಟ್ರು ಕಲಿಸಿದ್ರೋ ಅವರಿಗೆ! ಗಂಜಿ ಹಾಕಿದ ಪಂಚೆ ಥರ ಗರಗರ ಅಂತಿದೆ."

ಹೆಂಡತಿ ಸೌಟು ಕೆಳಗಿಟ್ಟು ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ನಗು ಬಂದದ್ದನ್ನು ಸೆರಗಿಗೆ ಒಪ್ಪಿಸಿದರು. "ನಂಗೆ ಆ ಭಾಷೆ ಎಲ್ಲಿ ಬರುತ್ರೀ? ಆದ್ರೆ ಮದುವೆಯಾದಾಗಿಂದ ಇದನ್ನೊಂದೇ ಕೇಳ್ತಾ ಇದೀನಿ."

ಅಷ್ಟರಲ್ಲಿ ಸೊಸೆ ಓಡಿ ಬಂದಳು. "ಮಾವ! ಕೆಲಸ ಖಾಯಂ ಆಯ್ತು! ಒಬ್ಬ ಮುದುಕಪ್ಪ, ಯಾರು ಮಾತಾಡಿದ್ರೂ ಇದು ಇಂಗ್ಲಿಷೇ ಅಲ್ಲ ಅಂತ ಬೈದು ಫೋನ್ ಇಡ್ತಿದ್ರಂತೆ. ಅವರ ಕರೆ ನಂಗೆ ಕೊಟ್ರು. ಮಾವ ಹೇಗೆ ಮಾತಾಡ್ತಾರೋ ಹಾಗೇ ಆಡ್ಬಿಟ್ಟೆ. ಕರಗಿಹೋದ್ರು! ನಮ್ಮೋರೇ ಸಿಕ್ಕಿದ ಹಾಗಾಯ್ತು ಅಂದ್ರು."

ಮೇಷ್ಟ್ರು ಗೋಡೆ ಹಿಡಿದುಕೊಂಡರು.

"ಇನ್ನೊಂದು ಮಾವ. ಅಂಥ ಗಿರಾಕಿಗಳು ಬೇಕಾದಷ್ಟು ಇದ್ದಾರಂತೆ. ಉಳಿದವರಿಗೂ ಕಲಿಸ್ಬೇಕು, ನಿಮ್ಮ ಮಾತು ರೆಕಾರ್ಡ್ ಮಾಡಿ ಕಳಿಸು ಅಂತ ಹೇಳಿದ್ದಾರೆ. ಒಂದೇ ಒಂದು ಷರತ್ತು. ಏನೂ ತಿದ್ದಬಾರದಂತೆ. ತಪ್ಪುಗಳೂ ಹೇಗಿವೆಯೋ ಹಾಗೇ ಇರಬೇಕಂತೆ."

"ತಪ್ಪುಗಳೇ?"

ಆ ಮೇಲಧಿಕಾರಿಣಿಗೆ ತಕ್ಕ ಉತ್ತರವನ್ನು ಪೂರ್ಣ ವಾಕ್ಯದಲ್ಲಿ, ಇಂಗ್ಲಿಷಿನಲ್ಲೇ ಕೊಡಬೇಕೆಂದು ಮೇಷ್ಟ್ರು ಎದೆ ಸೆಟೆಸಿ ಗಂಟಲು ಸರಿಮಾಡಿಕೊಂಡರು. ಆ ಸದ್ದು ಅವರಿಗೇ ಕೇಳಿಸಿತು. ಅತ್ತೆ, ಸೊಸೆ ಇಬ್ಬರೂ ಕಾದು ನಿಂತಿದ್ದರು. ತೆರೆದ ಬಾಯಿ ತೆರೆದೇ ಇತ್ತು. ಮೇಷ್ಟ್ರು ಮಾತ್ರ, ಮುಂದೆ ಬರುವ ಪದ ಹೇಗಿರುತ್ತದೋ ಎಂದು ತಾವೇ ಕಿವಿಗೊಟ್ಟು ನಿಂತುಬಿಟ್ಟರು.