ಜೋಡಿ ಕಾರ್ಬೊರೇಟರಿನ ಸಂಸಾರ

ಬೇರೆಯವರ ಮನೇಲಿ ಅತ್ತೆ-ಸೊಸೆ ಜಗಳ ನೋಡಿ ಬೀದಿಯವರು ನಗ್ತಾರೆ. ಗುಂಡ್ಲುಪೇಟೆಯ ನಮ್ಮ ಮನೆ ವಿಷಯಕ್ಕೆ ಬಂದರೆ ನಗೋಕೆ ಒಂದು ಕಾರೇ ಸಾಕಾಗಿತ್ತು. ವಾರ ಬಂತು ಅಂದರೆ ಏನಾದರೊಂದು ಪ್ರಸಂಗ ಗ್ಯಾರಂಟಿ. ನಾನು ಪ್ರೈಮರಿ ಸ್ಕೂಲ್ ಟೀಚರ್. ನಮ್ಮೆಜಮಾನರು ಚಾಮರಾಜನಗರದ ಒಂದು ಕಚೇರೀಲಿ ಗುಮಾಸ್ತರು. ದಿನಾ ಬಸ್ಸಲ್ಲಿ ಓಡಾಡೋ ಈ ಮನುಷ್ಯ, ಊಟಿ ಕಡೆ ಟೀ ಎಸ್ಟೇಟಿನವರು ಮಾರಿದ ಹಳೇ ವಿಲಾಯತಿ ಕಾರೊಂದನ್ನ ತಂದು ಮನೆ ಮುಂದೆ ನಿಲ್ಲಿಸಿಕೊಂಡರು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸೋ ಕಾರ್ಬೊರೇಟರ್ ಅಂತ ಇರುತ್ತಲ್ಲ, ಎಲ್ಲರ ಕಾರಿಗೂ ಒಂದಿದ್ದರೆ ಇದಕ್ಕೆ ಎರಡು.

"ಎರಡೂ ಒಂದೇ ಸಮ ಉಸಿರೆಳೀಬೇಕು ಕಣೇ, ಗಂಡ-ಹೆಂಡ್ತಿ ಥರ" ಅಂದರು.

ಈ ಕಾರು ಓಡಿದ ಹಾಗೇ ಅಂತ ಆವತ್ತೇ ಅಂದುಕೊಂಡೆ.

ಪೆಟ್ರೋಲ್ ಬಾಯಿ

ಪ್ರತಿ ಭಾನುವಾರ ಕಾರ್ಬೊರೇಟರ್ ಬಿಚ್ಚೋದು ನಮ್ಮನೇಲಿ ಒಂದು ವ್ರತ. ನನ್ನ ಒಬ್ಬಟ್ಟಿನ ಹಿಟ್ಟು ಕಲೆಸೋ ಪರಾತಕ್ಕೆ ಪೆಟ್ರೋಲ್ ಸುರಿದು, ಬಿಚ್ಚಿದ್ದನ್ನೆಲ್ಲ ಅದರಲ್ಲಿ ನೆನೆಹಾಕೋರು. ಅದರೊಳಗೆ ಜೆಟ್ಟು ಅಂತ ಹಿತ್ತಾಳೆ ಚೂರುಗಳಿರುತ್ತವೆ, ಸಾಸಿವೆ ಕಾಳೂ ತೂರದಂಥ ತೂತು. ಪಿನ್ನು ಚುಚ್ಚಿದರೆ ತೂತು ದೊಡ್ಡದಾಗುತ್ತೆ ಅಂತ ಬಾಯಲ್ಲೇ ಊದೋರು. ಕೊಳಲು ಊದೋ ಕೃಷ್ಣನ ಹಾಗೆ ಕೂತಿದ್ದಾರೆ ಅಂತ ನಾನು ಅಂದರೆ ಅದನ್ನೂ ಹೊಗಳಿಕೆ ಅಂದುಕೊಳ್ಳೋರು.

ಹಾಗೆ ಊದುತ್ತಾ ಕೂತಿದ್ದಾಗ ಹರವೆಯಿಂದ ನಮ್ಮತ್ತೆ ಬಂದರು. ಇವರು ಓಡಿಹೋಗಿ ಅವರ ಬ್ಯಾಗು ಇಸ್ಕೊಂಡರು. ಅತ್ತೆ ಮಗನ ಮುಖದ ಹತ್ತಿರ ಮೂಗು ತಂದು ಅಲ್ಲೇ ನಿಂತುಬಿಟ್ಟರು.

"ಯಾಕ್ಲಾ, ಬಾಯಿ ಇಂಗ್ ನಾರ್ತದೆ? ಕುಡುದ್ಬುಟ್ಟಿದ್ದೀಯೇನ್ಲಾ?"

"ಇಲ್ಲ ಕಣವ್ವಾ, ಅದು ಪೆಟ್ರೋಲು."

"ಅಯ್ಯೋ ನಮ್ಮಪ್ಪನೇ! ಸಾರಾಯಿ ಸಾಲ್ದು ಅಂತ ಪೆಟ್ರೋಲ್ಗೂ ಬಾಯಾಕ್ಬುಟ್ಯಾ!"

ಬೀದಿಗೆಲ್ಲ ಕೇಳಿಸ್ತು. ಮಾರನೇ ದಿನ ಹಬ್ಬ. ಇವರು ಮಂಗಳಾರತಿ ತಗೊಳ್ಳೋಕೆ ಕೈ ಚಾಚಿದರೆ ಅತ್ತೆ ತಟ್ಟೇನ ಹಿಂದಕ್ಕೆ ಎಳೆದುಕೊಂಡು ನನಗೆ ಹೇಳಿದರು, "ಇವನ್ನ ದೀಪದ ತಾವ ಬುಡಬ್ಯಾಡ ಕಣಮ್ಮಿ, ಅತ್ಕಂಡ್ಬುಡ್ತದೆ!"

ಸಂತೆಮರಹಳ್ಳೀಲಿ ನನ್ನ ಬಿಟ್ಟಿದ್ದು

ಒಂದು ಮದುವೆ ಮುಗಿಸಿ ಬರ್ತಾ ಸಂತೆಮರಹಳ್ಳೀಲಿ ಕಾರು ನಿಂತಿತು, ಅದೂ ಸಂತೆ ದಿನ. ಇವರು ಕೀಲಿ ತಿರುಗಿಸಿದರೆ ಢಮಾರ್ ಅಂತ ಒಂದು ಸದ್ದು. ಸೊಪ್ಪು ಮಾರೋ ಹೆಂಗಸು ಕಂತೆ ಬಿಸಾಕಿ ಎದ್ದು ನಿಂತಳು. ನಾನು ರೇಷ್ಮೆ ಸೀರೇಲಿ ಕೆಳಗಿಳಿದೆ. ಗಂಡಸರು ನಾಲ್ಕಾರು ಜನ ಬಂದು, "ತಳ್ರಲಾ, ತಳ್ರಲಾ" ಅಂತ ತಳ್ಳಿದರು. ನಾನೂ ಸೆರಗು ಸಿಕ್ಕಿಸಿಕೊಂಡು ತಳ್ಳಿದೆ.

ಕಾರು ಹೊರಟಿತು. ಹೊರಟಿದ್ದು ಹೊರಟೇ ಹೋಯ್ತು! ನಿಲ್ಲಿಸಿದರೆ ಮತ್ತೆ ಹೊರಡಲ್ಲ ಅನ್ನೋ ಭಯಕ್ಕೆ, ಹೆಂಡತಿಯನ್ನ ಸಂತೇಲಿ ಬಿಟ್ಟು ಮಹಾರಾಯರು ಮಾಯವಾದರು. ತಳ್ಳಿದವರಲ್ಲಿ ಒಬ್ಬರು, "ಅಕ್ಕಾ, ನಿಮ್ ಗಾಡಿ ಏನೋ ಓಯ್ತು, ನೀವು ಯಂಗ್ ಓದೀರಿ?" ಅಂದರು.

ಬೈಕೊಂಡು ಬಸ್ ಹತ್ತಿದೆ. ಸ್ವಲ್ಪ ದೂರ ಹೋದರೆ ರಸ್ತೆ ಬದೀಲಿ ಕಾರು ನಿಂತಿದೆ, ಇವರು ಬಸ್ಸಿಗೆ ಕೈ ತೋರಿಸ್ತಾ ಇದ್ದಾರೆ. ಹತ್ತಿದವರು ನನ್ನ ಪಕ್ಕಕ್ಕೇ ಬಂದು ಕೂತರು. ಎಡಗಡೆ ಕಿಟಕಿಗೆ ನಾನು, ಈಚೆ ಅವರು. ಬಾಯಿ ನೋಯೋವರೆಗೂ ಬೈದೆ. ಮನುಷ್ಯ ಬುದ್ಧನ ಹಾಗೆ ಕೂತಿದ್ದರು. ಕಂಡಕ್ಟರಿಗೇ ತಡೀಲಿಲ್ಲ.

"ಸಾ, ಮೇಡಮ್ಮೋರು ಆಗ್ಲಿಂದ ಏನೋ ಹೇಳ್ತಾವ್ರೆ" ಅಂದ.

ಇವರು ನನ್ನ ಕಡೆ ತಿರುಗಿ, "ಹ್ಞಾ? ಚಾಮರಾಜನಗರ ಬಂತಾ?" ಅಂದರು.

ಬೆಟ್ಟದ ಪಂದ್ಯ

ಅಲ್ಲಿಗೆ ನನ್ನ ತಾಳ್ಮೆ ಮುಗೀತು. ಕಾರನ್ನ ಮನೆಗೆ ಎಳೆಸಿ ತಂದಮೇಲೆ, ಹಳೇ ಕಾರು ಕೊಳ್ಳೋ ವಯನಾಡಿನ ವ್ಯಾಪಾರಿ ಒಬ್ಬನನ್ನ ಕರೆಸಿದೆ. ಆತ ಕಾರು ಸವರಿ, "ಚೇಚಿ, ಯಾವಾಗ ಬೇಕಾದ್ರೂ ಕೂಗಿ, ನಾನು ಬರ್ತೆ" ಅಂತ ಫೋನ್ ನಂಬರ್ ಕೊಟ್ಟು ಹೋದ. ಇವರ ಮುಖ ಸಣ್ಣಗಾಯ್ತು.

"ಬರೋ ಶನಿವಾರ ಗೋಪಾಲಸ್ವಾಮಿ ಬೆಟ್ಟ ಹತ್ತಿಸ್ತೀನಿ. ಹತ್ತಲಿಲ್ವಾ, ನೀನೇ ಫೋನ್ ಮಾಡು, ನಾನು ತುಟಿ ಬಿಚ್ಚಲ್ಲ" ಅಂದರು.

ಕಚೇರಿಗೆ ರಜೆ ಹಾಕಿ ಶುರು ಹಚ್ಚಿಕೊಂಡರು. ಎರಡೂ ಕಾರ್ಬೊರೇಟರ್ ಒಂದೇ ಸಮ ಉಸಿರೆಳೀತಾವಾ ಅಂತ ತಿಳಿಯೋಕೆ ಒಂದು ರಬ್ಬರ್ ಪೈಪಿತ್ತು. ಒಂದು ತುದಿ ಕಾರ್ಬೊರೇಟರ್ ಬಾಯಿಗೆ, ಇನ್ನೊಂದು ಕಿವಿಗೆ. ಬುಸ್ ಅನ್ನೋ ಸದ್ದು ಎರಡರಲ್ಲೂ ಸಮ ಆಗೋವರೆಗೆ ಸ್ಕ್ರೂ ತಿರುಗಿಸಬೇಕು. ಮುಂದಿನದಕ್ಕೆ ಎಡಗಿವಿ, ಹಿಂದಿನದಕ್ಕೆ ಬಲಗಿವಿ. "ಎರಡಕ್ಕೂ ಒಂದೊಂದು ಕಿವಿ. ತಾರತಮ್ಯ ಮಾಡಬಾರದು ಕಣೇ" ಅನ್ನೋರು. ಇಷ್ಟೆಲ್ಲ ನ್ಯಾಯ ಮಾಡಿದರೂ ಕಾರು ಚಳಿಜ್ವರ ಬಂದವರ ಹಾಗೆ ನಡುಗ್ತಾನೇ ಇತ್ತು.

ಶುಕ್ರವಾರ ಊಟಕ್ಕೆ ಕರೆಯೋಕೆ ಹೋದೆ. ಪೈಪು ಎಡಗಿವೀಲಿತ್ತು. ಮೆಲ್ಲಗೆ, "ಮುದ್ದೆ ಆರೋಗುತ್ತೆ" ಅಂದೆ. "ಬಂದೆ ಬಂದೆ" ಅಂದರು. ಬರಲಿಲ್ಲ. ಮತ್ತೆ ಹೋದಾಗ ಪೈಪು ಬಲಗಿವೀಲಿತ್ತು. ಕೂಗಿದೆ, ಜವಾಬಿಲ್ಲ. ಗಂಟಲು ಹರಿಯೋ ಹಾಗೆ, "ಊಟಕ್ಕೆ ಬನ್ರೀ!" ಅಂತ ಅರಚಿದೆ. ಎದುರು ಮನೆಯವರು ಹೊರಗೆ ಬಂದು, "ನಮ್ದಾಯ್ತು ಕಣ್ ಟೀಚರೇ" ಅಂದರು.

ನನಗೆ ಅನುಮಾನ ಬಂತು. ಊಟ ಆದಮೇಲೆ ಅಲಾರಂ ಗಡಿಯಾರ ತಂದು ಇವರ ಎಡಗಿವಿಗೆ ಹಿಡಿದೆ.

"ಕೇಳಿಸ್ತಾ?"

"ಇದು ನಿಂತೋಗಿದೆ ಕಣೇ, ಸೆಲ್ ಹಾಕು" ಅಂದರು.

ಬಲಗಿವಿಗೆ ಹಿಡಿದೆ.

"ಓ, ಇಷ್ಟು ಬೇಗ ಹಾಕ್ಬುಟ್ಯಾ!"

ಬೆಟ್ಟದ ಮೇಲೆ

ಎಡಗಿವಿ ಯಾವಾಗ ಮಂದವಾಗಿತ್ತೋ ಅವರಿಗೇ ಗೊತ್ತಿಲ್ಲ. ಆ ಕಿವಿಗೆ ಮುಂದಿನ ಕಾರ್ಬೊರೇಟರಿನ ಉಸಿರು ಕಡಿಮೆ ಅನ್ನಿಸಿ, ಪಾಪ ಉಪವಾಸ ಇದೆ ಅಂತ ಅದರ ಸ್ಕ್ರೂ ತಿರುಗಿಸಿ ತಿರುಗಿಸಿ ಉಣಿಸಿದ್ದೇ ಉಣಿಸಿದ್ದು. ಅದಕ್ಕೆ ಅಜೀರ್ಣ, ಹಿಂದಿನದಕ್ಕೆ ಹೊಟ್ಟೆಗಿಲ್ಲ. ಕಾರು ನಡುಗದೆ ಏನು ಮಾಡೀತು?

ಗಡಿಯಾರ ಮುಚ್ಚಿಟ್ಟು ಸುಮ್ಮನಿದ್ದಿದ್ದರೆ ಶನಿವಾರ ಸಂಜೆಗೆ ಕಾರು ತೊಲಗ್ತಿತ್ತು. ಆದರೆ ಗ್ರೀಸ್ ಕೈಯಲ್ಲಿ ಕೂತಿದ್ದ ಆ ಮುಖ ನೋಡಿ ಹಾಗೆ ಮಾಡೋಕೆ ಮನಸ್ಸು ಬರಲಿಲ್ಲ. "ಎರಡನ್ನೂ ಬಲಗಿವೀಲೇ ಕೇಳಿ ನೋಡ್ರೀ" ಅಂದೆ. ಕೇಳಿ, ಸ್ಕ್ರೂ ತಿರುಗಿಸಿ, ಮತ್ತೆ ಕೇಳಿದರು. ಎಂಜಿನ್ ನಡುಕ ಬಿಟ್ಟು ಬೆಕ್ಕಿನ ಮರಿ ಹಾಗೆ ಗೊರ್ ಅಂತು. ಇವರಿಗೆ ಕಣ್ಣಲ್ಲಿ ನೀರು. ನನಗೂ ಬಂತು.

ಶನಿವಾರ ಬೆಟ್ಟಕ್ಕೆ ಹೊರಟೆವು. ಆಗಿನ್ನೂ ಸ್ವಂತ ಗಾಡಿಗಳನ್ನ ಮೇಲಕ್ಕೆ ಬಿಡ್ತಿದ್ದರು. ಪಕ್ಕದ ಸೀಟಲ್ಲಿ ಕೂತು ನಾನು ದಾರಿಯುದ್ದಕ್ಕೂ ಮಾತಾಡಿದೆ. ಸೋರೋ ಬಚ್ಚಲ ನಲ್ಲಿ, ಹಾಳಾದ ಪರಾತ, ಮುಯ್ಯಿ ವಾಪಸು ಮಾಡದ ಇವರ ತಂಗಿ, ಒಂದನ್ನೂ ಬಿಡಲಿಲ್ಲ. ಇವರು ನಗ್ತಾ ಸ್ಟೇರಿಂಗ್ ತಿರುಗಿಸ್ತಿದ್ದರು. ಕಾರು ಎಲ್ಲೂ ನಿಲ್ಲದೆ ಮಂಜಿನೊಳಗೆ ದೇವಸ್ಥಾನದ ತನಕ ಹತ್ತಿತು. ಇಳಿದು ಬಾನೆಟ್ ತಟ್ಟಿ ಹೇಳಿದರು, "ನೋಡ್ದಾ, ಎಷ್ಟು ಸೈಲೆಂಟಾಗಿ ಬಂತು! ದಾರೀಲಿ ಒಂದೇ ಒಂದು ಸದ್ದಿಲ್ಲ!"

ಆಗ ಹೊಳೀತು ನನಗೆ. ಸ್ಟೇರಿಂಗ್ ಬಲಗಡೆ. ಹೆಂಡತಿ ಕೂರೋದು ಎಡಗಡೆ. ಸಂತೆಮರಹಳ್ಳಿ ಬಸ್ಸಲ್ಲೂ ನಾನು ಎಡಗಡೆ! ಈ ಮನುಷ್ಯನಿಗೆ ಕಾರು ಅಂದರೆ ಯಾಕಿಷ್ಟು ಪ್ರಾಣ ಅಂತ ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೆನಲ್ಲ ಶಿವನೇ!

ಸ್ವಾಮಿಗೆ ಕೈ ಮುಗಿದು ಬಂದು ಹಿಂದಿನ ಸೀಟಲ್ಲಿ ಕೂತೆ, ಸರಿಯಾಗಿ ಅವರ ಬಲಗಿವಿಯ ಹಿಂದೆ. ನಲ್ಲಿಯಿಂದಲೇ ಮತ್ತೆ ಶುರು ಮಾಡಿದೆ. ಮೊದಲ ತಿರುವಿಗೆ ಬೆಚ್ಚಿ ಬಿದ್ದರು. ಪರಾತಕ್ಕೆ ಬರೋ ಹೊತ್ತಿಗೆ ಬೆವತರು. ತಂಗಿ ಮುಯ್ಯಿ ಮುಗಿಯೋಷ್ಟರಲ್ಲಿ ಬೆಟ್ಟದ ಬುಡ ಬಂತು. ಒಮ್ಮೆ ಹೊರಟರೆ ನಿಲ್ಲಿಸೋಕೆ ಹೆದರೋ ಮನುಷ್ಯ, ಚೆನ್ನಾಗಿ ಓಡ್ತಿದ್ದ ಕಾರನ್ನ ಪಕ್ಕಕ್ಕೆ ಹಾಕಿ ನಿಲ್ಲಿಸಿ, ನಿಧಾನಕ್ಕೆ ಹಿಂದಕ್ಕೆ ತಿರುಗಿದರು.

"ಲೇ, ಆ ವಯನಾಡಿನವನ ನಂಬರ್ ಎಲ್ಲಿಟ್ಟಿದ್ದೀಯಾ?"