ಕ್ಲಚ್ಚು ಎಂಬ ವಿಷಯಾಂತರ

ಚರ್ಚಾಸ್ಪರ್ಧೆಯಲ್ಲಿ ನನ್ನನ್ನು ಸೋಲಿಸಬಲ್ಲವರು ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಜಾಲಹಳ್ಳಿಯ ನಮ್ಮ ಮನೆಯ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳು ಮೂಲೆಗೆ ಸರಿದು ನನ್ನ ಕಪ್ಪುಗಳಿಗೆ ಜಾಗ ಬಿಟ್ಟುಕೊಟ್ಟಿವೆ. ಗಲ್ಲುಶಿಕ್ಷೆ ಬೇಕೆಂದು ಬೆಳಿಗ್ಗೆ ಗೆದ್ದು, ಬೇಡವೆಂದು ಮಧ್ಯಾಹ್ನ ಗೆದ್ದವಳು ನಾನು! ಹಾಗಿರುವಾಗ ಒಂದು ಹಳೆಯ ಕಾರಿಗೆ ದೊಡ್ಡ ಎಂಜಿನ್ ಹಾಕಿಸುವುದು ಯಾವ ಮಹಾ ಕೆಲಸ?

ಕಾರು ಅಪ್ಪನದು. ಅವರು ಕಾರ್ಖಾನೆಯ ಟೂಲ್ ರೂಮಿನಿಂದ ನಿವೃತ್ತರಾದಾಗ ಜೊತೆಯವರೆಲ್ಲ ಸೈಟು, ಕಾಶಿಯಾತ್ರೆ ಎಂದು ಓಡಾಡುತ್ತಿದ್ದರು. ಅಪ್ಪ ಮಾತ್ರ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದರು. ಎರಡೇ ಬಾಗಿಲು, ಎರಡೇ ಸೀಟು, ಫೈಬರ್ ಮೈ. ನೋಡಲು ಚಿರತೆ, ಓಟದಲ್ಲಿ ಹಸು. ಯಾಕೆಂದರೆ ಒಳಗಿದ್ದದ್ದು ಯಾವುದೋ ಪುಟ್ಟ ಫ್ಯಾಮಿಲಿ ಕಾರಿನ ಎಂಜಿನ್ನು.

“ರೀ, ಮನೇಲಿ ಮೂರು ಜನ ಇದೀವಿ. ಇದರಲ್ಲಿ ಎರಡೇ ಕುರ್ಚಿ!” ಎಂದರು ಅಮ್ಮ.

“ಇವಳು ಇವತ್ತಲ್ಲ ನಾಳೆ ಮದುವೆ ಆಗಿ ಹೋಗ್ತಾಳೆ. ಆಗ ಸರಿಹೋಗುತ್ತೆ” ಎಂದರು ಅಪ್ಪ.

ನಾನು ಹೋಗಲಿಲ್ಲ. ನೋಡಲು ಬಂದ ಹುಡುಗರನ್ನೆಲ್ಲ ಉಪ್ಪಿಟ್ಟು ಆರುವ ಮೊದಲೇ ವಾದದಲ್ಲಿ ಸೋಲಿಸಿ ಕಳಿಸುತ್ತಿದ್ದೆ. ಹಾಗಾಗಿ ಮನೆಯಲ್ಲಿ ಮೂವರೂ ಉಳಿದೆವು, ಕಾರಿನಲ್ಲಿ ಎರಡು ಸೀಟೂ ಉಳಿದವು.

ಪ್ರತಿ ಸಂಜೆ ಅಪ್ಪ-ಅಮ್ಮ ಆ ಕಾರಿನಲ್ಲಿ ಹೊರಡುತ್ತಿದ್ದರು. ಕಾರ್ಖಾನೆಯ ಕ್ವಾರ್ಟರ್ಸಿನ ಮರಗಳ ಕೆಳಗೆ ಒಂದು ಸುತ್ತು, ದರ್ಶಿನಿಯಲ್ಲಿ ನಿಂತುಕೊಂಡೇ ಬೈ-ಟು ಕಾಫಿ, ವಾಪಸ್. ಅಷ್ಟೇ. ಅಮ್ಮ ಅದಕ್ಕಾಗಿ ಸೀರೆ ಬದಲಿಸಿ ಹೂ ಮುಡಿಯುತ್ತಿದ್ದರು. ಸೀಟು ಎಷ್ಟು ತಗ್ಗಿನಲ್ಲಿತ್ತೆಂದರೆ ಇಳಿಯುವಾಗ ಅಪ್ಪ ಆ ಕಡೆ ಬಂದು ಬಾವಿಯಿಂದ ಕೊಡ ಸೇದಿದ ಹಾಗೆ ಅಮ್ಮನನ್ನು ಸೇದಬೇಕಾಗಿತ್ತು. ಇಬ್ಬರೂ ನಗುತ್ತಿದ್ದರು.

ಅಪ್ಪನ ಎಡಮಂಡಿ ಸವೆದು ಹೋಗಿತ್ತು. ಸ್ಕೂಟರ್ ಬಿಟ್ಟಾಗಿತ್ತು. ಚಿಕ್ಕಪ್ಪನ ಕಾರು ಓಡಿಸಲು ಹೋಗಿ, ಕ್ಲಚ್ ತುಳಿಯಲಾಗದೆ ಮುಖ ಕಿವುಚಿ ಇಳಿದಿದ್ದರು. ಗೇರಿಲ್ಲದ ಕಾರುಗಳನ್ನು ಅವರು ಕಾರೆಂದೇ ಒಪ್ಪುತ್ತಿರಲಿಲ್ಲ. “ನಮ್ಮ ಕೆಂಪಿ ಕ್ಲಚ್ ಬೆಣ್ಣೆ ಕಣೇ, ಬೆಣ್ಣೆ” ಎಂದು ತಮ್ಮ ಕೆಂಪು ಕಾರನ್ನು ಹೊಗಳುತ್ತಿದ್ದರು. ಅವರ ಕಾಲು ಒಪ್ಪಿಕೊಂಡಿದ್ದ ಗಾಡಿ ಲೋಕದಲ್ಲಿ ಅದೊಂದೇ.

ಒಂದು ಭಾನುವಾರ ಅಮ್ಮನ ಜಾಗದಲ್ಲಿ ನಾನು ಕೂತಿದ್ದೆ. ಪೀಣ್ಯದ ಫ್ಲೈಓವರ್ ಏರುವಾಗ ಕಬ್ಬಿಣದ ಪೈಪು ಹೊತ್ತ ಲಗೇಜ್ ಆಟೋ ನಮ್ಮನ್ನು ದಾಟಿ ಹೋಯಿತು. ಅದರ ಹಿಂದೆ ಮೊಪೆಡ್ಡಿನ ಹುಡುಗನೊಬ್ಬ ಪಕ್ಕಕ್ಕೆ ಬಂದು ವಿನಯದಿಂದ ಕೇಳಿದ: “ಅಂಕಲ್, ಸ್ಪೋರ್ಟ್ಸ್ ಕಾರಾ? ಹಗ್ಗ ಕಟ್ಲಾ?”

ಅಪ್ಪ ಹೊಟ್ಟೆ ಹಿಡಿದು ನಕ್ಕರು. ನಾನು ನಗಲಿಲ್ಲ. ಇದು ನಮ್ಮ ಮನೆತನದ ಮಾನದ ಪ್ರಶ್ನೆ!

ಅಂದು ರಾತ್ರಿ ಊಟಕ್ಕೆ ಕೂತಾಗಲೇ ವಿಷಯ ಮಂಡಿಸಿದೆ.

“ಅಪ್ಪಾ, ಕಾರಿಗೆ ದೊಡ್ಡ ಎಂಜಿನ್ ಹಾಕಿಸೋಣ.”

“ಯಾಕೇ? ಓಡ್ತಾ ಇದೆಯಲ್ಲ.”

“ಓಡ್ತಾ ಇಲ್ಲ. ನಡೀತಾ ಇದೆ.”

“ನಾನೂ ಅಷ್ಟೇ ಅಲ್ವಾ? ಜೋಡಿ ಸರಿಯಾಗಿದೆ ಬಿಡು.”

“ಅದು ಭಾವನೆ. ವಾದ ಅಲ್ಲ.”

“ಕ್ಲಚ್ ಹಗುರ ಇದೆ ಪುಟ್ಟಿ, ನನ್ನ ಮಂಡಿಗೆ...”

“ವಿಷಯಾಂತರ!” ಎಂದೆ ಬೆರಳೆತ್ತಿ. “ಚರ್ಚೆ ಇರೋದು ಎಂಜಿನ್ ಬಗ್ಗೆ. ಕ್ಲಚ್ ಬಗ್ಗೆ ಅಲ್ಲ.”

“ಸಾಕು, ಗಂಟೆ ಹೊಡೀಲಾ?” ಎಂದು ಅಮ್ಮ ಸೌಟಿನಿಂದ ಪಾತ್ರೆ ಬಡಿದರು. “ಹುಳಿ ಆರ್ತಾ ಇದೆ.”

ಅಪ್ಪ ಕೈ ಮುಗಿದರು. “ನಿನ್ನ ಹತ್ರ ಮಾತಾಡಿ ಗೆಲ್ಲಕ್ಕಾಗುತ್ತೇನೇ? ಏನಾದ್ರೂ ಮಾಡ್ಕೋ.” ಇದನ್ನು ನಾನು ಸರ್ವಾನುಮತದ ತೀರ್ಪು ಎಂದು ದಾಖಲಿಸಿಕೊಂಡೆ.

ಪೀಣ್ಯದ ಎರಡನೇ ಹಂತದಲ್ಲಿ, ಲೇತ್ ಅಂಗಡಿಗಳ ಸಾಲಿನ ಹಿಂದೆ, ಬಾಷಣ್ಣನ ಗ್ಯಾರೇಜು. ಆಗತ್ತಾ ಎಂದು ಕೇಳಿದರೆ ಬಾಷಣ್ಣನಿಗೆ ಗೊತ್ತಿದ್ದ ಉತ್ತರ ಒಂದೇ: “ಆಗತ್ತೆ ಮೇಡಂ.” ದೊಡ್ಡ ಎಂಜಿನ್ ಸಿಗುತ್ತದೆಯೇ ಎಂದೆ. ಆಗತ್ತೆ ಮೇಡಂ. ಆಕ್ಸಿಡೆಂಟಾಗಿ ಗುಜರಿಗೆ ಬಂದಿದ್ದ ದೊಡ್ಡ ಕಾರೊಂದರ ಎಂಜಿನ್ನು, ಅದರದೇ ಗೇರ್‌ಬಾಕ್ಸ್, ಕ್ಲಚ್ ಸಮೇತ, ಅಲ್ಲೇ ಮೂಲೆಯಲ್ಲಿತ್ತು. ಇದರೊಳಗೆ ಹಿಡಿಸುತ್ತದೆಯೇ? ಆಗತ್ತೆ ಮೇಡಂ.

ಬೇರೆಯವರಾಗಿದ್ದರೆ ನಂಬಿಬಿಡುತ್ತಿದ್ದರು. ನಾನು ಯಾವುದನ್ನೂ ಪರೀಕ್ಷಿಸದೆ ನಂಬುವವಳಲ್ಲ. ಟೇಪು ಕೇಳಿ ಪಡೆದು ಸ್ವತಃ ಅಳೆದೆ. ಉದ್ದ ಸರಿಯಿತ್ತು. ಅಗಲ ಸರಿಯಿತ್ತು. ಎತ್ತರಕ್ಕಂತೂ ಮಿತಿಯೇ ಇರಲಿಲ್ಲ. ಯಾಕೆಂದರೆ ನಾನು ಅಳೆಯುವಾಗ ಬಾನೆಟ್ ತೆರೆದಿತ್ತು!

“ಹಳೇ ಎಂಜಿನ್ ಏನ್ ಮಾಡ್ಲಿ ಮೇಡಂ?”

“ಏನಾದ್ರೂ ಮಾಡ್ಕೊಳ್ಳಿ ಬಾಷಣ್ಣ. ಆ ಹಸು ನಮಗೆ ಬೇಡ.”

ಮುಂದಿನ ವಾರ ಎಂದಿದ್ದ ಕಾರು ಮುಂದಿನ ತಿಂಗಳಾಯಿತು. ಹೊಸ ಎಂಜಿನ್ ಒಳಗೆ ಇಳಿಯಿತು, ಬಾನೆಟ್ ಮುಚ್ಚಲಿಲ್ಲ. ಕೆಂಪಿ ಹಲ್ಲಿನ ಡಾಕ್ಟರ ಮುಂದೆ ಕೂತವಳಂತೆ ಬಾಯಿ ಕಳೆದು ನಿಂತಿತ್ತು. “ಮೇಲೆ ಕಟ್ ಮಾಡಿ ಒಂದು ಗುಬುಟು ಕೂರಿಸಿದ್ರೆ ಆಗತ್ತೆ ಮೇಡಂ” ಎಂದ ಬಾಷಣ್ಣ. ಪಕ್ಕದ ಶೆಡ್ಡಿನವರು ಫೈಬರಿನಲ್ಲಿ ವಾಶ್‌ಬೇಸಿನ್ ಮಾಡುತ್ತಿದ್ದರು. ಒಂದನ್ನು ಬೋರಲು ಹಾಕಿ ಬಾನೆಟ್ಟಿನ ಮೇಲೆ ಅಂಟಿಸಿ, ಕೆಂಪು ಬಣ್ಣ ಬಳಿದರು. ನೀರು ಹೋಗುವ ತೂತು ಹಾಗೆಯೇ ಇತ್ತು.

“ಇದು ಮುಚ್ಚಲ್ವಾ?”

“ಗಾಳಿ ಆಡತ್ತೆ ಮೇಡಂ!”

ಆಮೇಲೆ ಭಾರಕ್ಕೆ ಮುಂಭಾಗ ಕುಸಿದು ಕಾರು ನಮಸ್ಕಾರ ಮಾಡುವ ಭಂಗಿಗೆ ಬಂತು. ಲಗೇಜ್ ವ್ಯಾನಿನ ಸ್ಪ್ರಿಂಗ್ ಹಾಕಿದರೆ ಎದೆ ಸೆಟೆಸಿ ನಿಂತಿತು. ಸ್ಟೀರಿಂಗ್ ತಿರುಗಿಸಲು ರುಬ್ಬುವ ಕಲ್ಲು ತಿರುಗಿಸುವ ಶಕ್ತಿ ಬೇಕಾಯಿತು. ಇವೆಲ್ಲ ಸಣ್ಣಪುಟ್ಟ ಆಕ್ಷೇಪಣೆಗಳು ಎಂದು ನಾನು ತಳ್ಳಿಹಾಕಿದೆ.

ಅಷ್ಟೂ ದಿನ ಮನೆಯಲ್ಲಿ ಸಂಜೆ ಎಂಬುದು ಬಂದು ಸುಮ್ಮನೆ ಹೋಗುತ್ತಿತ್ತು. ಅಮ್ಮ ಅಭ್ಯಾಸಬಲದಿಂದ ಸೀರೆ ಬದಲಿಸಿ, ಹೂ ಮುಡಿದು, ಆಮೇಲೆ ನೆನಪಾಗಿ ಜಗಲಿಯಲ್ಲಿ ಕೂತು ಬೀನ್ಸ್ ಸೋಸುತ್ತಿದ್ದರು. ಅಪ್ಪ ಗೇಟಿನ ಹತ್ತಿರ ನಿಂತು, “ಯಾವಾಗ ಬರುತ್ತಂತೆ?” ಎಂದು ಕೇಳುತ್ತಿದ್ದರು.

ಆಯುಧಪೂಜೆಯ ಬೆಳಿಗ್ಗೆ ಬಂತು! ಬಾಷಣ್ಣನೇ ಓಡಿಸಿಕೊಂಡು ಬಂದ. ಶಬ್ದಕ್ಕೆ ಮರದ ಕಾಗೆಗಳೆಲ್ಲ ಎದ್ದು ವಾಯುಪಡೆಯ ನೆಲೆಯ ಕಡೆ ಹಾರಿದವು. ಬೀದಿಯವರೆಲ್ಲ ಹೊರಗೆ ಬಂದರು. ಪಕ್ಕದ ಮನೆಯ ಶಕುಂತಲಮ್ಮ ಮೂಗಿನ ಮೇಲೆ ಬೆರಳಿಟ್ಟು, “ಇದೇನ್ರೀ, ಬಾನೆಟ್ ಮೇಲೆ ಬೋಗುಣಿ ಮರೆತುಬಿಟ್ಟಿದಾರೆ?” ಎಂದರು.

“ಅದು ವಿನ್ಯಾಸ ಆಂಟಿ” ಎಂದೆ.

ಅಮ್ಮ ಆ ವಿನ್ಯಾಸಕ್ಕೇ ಅರಿಶಿನ-ಕುಂಕುಮ ಹಚ್ಚಿದರು. ತೂತಿನಲ್ಲಿ ಒಂದು ಚೆಂಡುಹೂ ಸಿಕ್ಕಿಸಿದರು. ಮಂಗಳಾರತಿಯಾಯಿತು, ಬೂದುಗುಂಬಳ ಒಡೆದಾಯಿತು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಇನ್ನು ಯಜಮಾನರು ಗಾಡಿ ಬಿಟ್ಟು ನಿಂಬೆಹಣ್ಣು ದಾಟಿಸಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಅಪ್ಪ ಹೊಸ ಅಳಿಯನಂತೆ ಒಳಗೆ ಕೂತರು. ಅಮ್ಮ ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡರು.

ಕೀಲಿ ತಿರುಗಿತು. ಎಂಜಿನ್ ಗರ್ಜಿಸಿತು. ನಾನು ಚಪ್ಪಾಳೆ ತಟ್ಟಿದೆ.

ಕಾರು ಕದಲಲಿಲ್ಲ.

ಅಪ್ಪ ಎಡಗಾಲನ್ನು ಕ್ಲಚ್ಚಿನ ಮೇಲೆ ಇಟ್ಟಿದ್ದರು. ಒತ್ತಿದರು. ಅದು ಅರ್ಧಕ್ಕೆ ಹೋಗಿ ಅವರ ಕಾಲನ್ನೇ ವಾಪಸ್ ತಳ್ಳಿತು. ಇನ್ನೊಮ್ಮೆ ಒತ್ತಿದರು. ಸೀಟಿಗೆ ಬೆನ್ನು ಕೊಟ್ಟು, ಎರಡೂ ಕೈಯಿಂದ ತಮ್ಮದೇ ಮಂಡಿಯನ್ನು ಹಿಡಿದು, ಬೇರೆ ಯಾರದೋ ಕಾಲೆಂಬಂತೆ ಕೆಳಕ್ಕೆ ಅದುಮಿದರು.

“ರೇಸ್ ಕೊಡಿ ಸಾರ್!” ಎಂದು ಯಾರೋ ಕೂಗಿದರು.

ಅಮ್ಮ ಮಾತ್ರ ಅಪ್ಪನ ಮುಖ ನೋಡುತ್ತಿದ್ದರು. “ರೀ, ಸಾಕು” ಎಂದದ್ದು ಕಿಟಕಿಯ ಪಕ್ಕದಲ್ಲಿದ್ದ ನನಗಷ್ಟೇ ಕೇಳಿತು.

ಅಪ್ಪ ಎಂಜಿನ್ ಆಫ್ ಮಾಡಿದರು. ಬಾಗಿಲು ಹಿಡಿದು ನಿಧಾನವಾಗಿ ಎದ್ದು, ಬೀದಿಯವರಿಗೆಲ್ಲ ಕೇಳುವ ಹಾಗೆ ಹೇಳಿದರು: “ಈ ಸಲ ಮಗಳೇ ಬಿಡ್ಲಿ. ಎಲ್ಲಾ ಅವಳೇ ಮಾಡಿಸಿದ್ದು. ಬಾ ಪುಟ್ಟಿ, ನಿಂಬೆಹಣ್ಣು ಕಾಯ್ತಾ ಇದೆ.”

ನಾನು ಕೂತೆ. ಬಲವೆಲ್ಲ ಹಾಕಿ ಕ್ಲಚ್ ತುಳಿದೆ, ಬಿಟ್ಟೆ. ಕಾರು ಕಪ್ಪೆಯಂತೆ ಹಾರಿ, ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ, ಶಕುಂತಲಮ್ಮನವರ ಕ್ರೋಟನ್ ಕುಂಡವನ್ನೂ ಅದೇ ಪೂಜೆಗೆ ಸೇರಿಸಿಕೊಂಡು ನಿಂತಿತು. ಬೀದಿ ನಕ್ಕಿತು. ಅಪ್ಪನೂ ನಕ್ಕರು. ನಗುತ್ತಲೇ ಮಂಡಿ ನೀವಿಕೊಳ್ಳುತ್ತಿದ್ದರು.

ಮರುದಿನವೇ ಗ್ಯಾರೇಜಿಗೆ ಓಡಿದೆ. “ಬಾಷಣ್ಣ, ಈ ಕ್ಲಚ್ ಸ್ವಲ್ಪ ಹಗುರ ಮಾಡಿ.”

ಬಾಷಣ್ಣ ಕೈ ಒರೆಸಿಕೊಂಡು, ತಲೆ ಕೆರೆದುಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಬೇರೆ ಉತ್ತರ ಕೊಟ್ಟ: “ಅದು ಆಗಲ್ಲ ಮೇಡಂ.”

“ಹಾಗಾದ್ರೆ ಹಳೇದನ್ನೇ ವಾಪಸ್ ಹಾಕಿ.”

“ಅತ್ತಿಬೆಲೆ ಕಡೆಯವರೊಬ್ಬರು ವ್ಯಾನಿಗೆ ತಗೊಂಡು ಹೋದ್ರಲ್ಲ. ನೀವೇ ಹೇಳಿದ್ರಿ, ಏನಾದ್ರೂ ಮಾಡ್ಕೊಳ್ಳಿ ಅಂತ.”

ಹೇಳಿದ್ದೆ. ನನ್ನ ಮಾತನ್ನೇ ನನಗೆ ತಿರುಗಿಸಿದ ಮೊದಲ ಎದುರಾಳಿ ಬಾಷಣ್ಣ.

ಅತ್ತಿಬೆಲೆಗೆ ಹೋದೆ. ಮುನಿರಾಜು ಎಂಬವರು, ಹೂವಿನ ವ್ಯಾಪಾರ. ಮನೆ ಮುಂದೆ ವ್ಯಾನು ನಿಂತಿತ್ತು, ಒಳಗೆಲ್ಲ ಸೇವಂತಿಗೆಯ ವಾಸನೆ. ನಾನು ಪೀಠಿಕೆ, ಪ್ರತಿಪಾದನೆ, ಉಪಸಂಹಾರ ಎಲ್ಲ ಮಾಡಿ ವಾದಿಸಿದೆ. ಬದಲಿಗೆ ಎರಡರಷ್ಟು ದೊಡ್ಡ ಎಂಜಿನ್ ಕೊಡುತ್ತೇನೆ ಎಂದೆ. ಅವರು ತಾಳ್ಮೆಯಿಂದ ಕೇಳಿ, ನೀರು ಕೊಟ್ಟು, ಹೇಳಿದರು:

“ಕೊಡಾಕಾಗಲ್ಲ ಕಣಕ್ಕ. ಒಸೂರಿಂದ ದಿನಾ ಸೇವಂತಿಗೆ ತರ್ತೀನಿ, ಒಂದಿನಾನೂ ಕೈ ಕೊಟ್ಟಿಲ್ಲ. ಯಾರೋ ಪುಣ್ಯಾತ್ಮರು ಮಗೂನ ಮಡಗ್ದಂಗೆ ಮಡಗಿದ್ರು. ಇಂಗೆ ಇರೋದು ಇನ್ನೊಂದು ಸಿಗಾಕಿಲ್ಲ. ಎಂಗೆ ಕೊಡ್ಲಿ, ನೀವೇ ಯೋಳಿ?”

ಲೋಟ ಕೆಳಗಿಟ್ಟು ಎದ್ದೆ. ಒಂದು ಮೊಳ ಹೂ ಕೊಟ್ಟು ಕಳಿಸಿದರು. ಸಮಾಧಾನಕರ ಬಹುಮಾನ!

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ.

“ಮಗೂ ಥರ ಇಟ್ಟಿದ್ರು ಅಂದನಾ?” ಅಪ್ಪ ಕೇಳಿದರು.

“ಹೂಂ.”

“ಹಾಗೇ ಅಂದನಾ?” ಮತ್ತೆ ಕೇಳಿದರು. “ಆಯಿಲ್ ಯಾವುದು ಹಾಕ್ತಾನಂತೆ?”

“ಕೇಳಲಿಲ್ಲ ಅಪ್ಪ.”

“ಕೇಳಬೇಕಿತ್ತು ಕಣೇ.” ಗೇಟಿನ ಕಡೆ ನೋಡಿದರು. “ಒಳ್ಳೇದೇ ಆಯ್ತು ಬಿಡು. ನಂಗೂ ಡ್ರೈವಿಂಗ್ ಬೇಜಾರಾಗಿತ್ತು. ಈ ವಯಸ್ಸಲ್ಲಿ ಯಾಕೆ? ಆ ಟ್ರಾಫಿಕ್ ಬೇರೆ...”

ನನ್ನ ಬದುಕಿನಲ್ಲೇ ನಾನು ಕೇಳಿದ ಅತ್ಯಂತ ದುರ್ಬಲ ವಾದ ಅದು. ಆ ಕ್ವಾರ್ಟರ್ಸಿನ ರಸ್ತೆಯಲ್ಲಿ ಸಂಜೆ ಎದುರಾಗುವ ಟ್ರಾಫಿಕ್ಕೆಂದರೆ ಎರಡು ನಾಯಿ ಮತ್ತು ಸೊಪ್ಪಿನವಳು. ಹೈಸ್ಕೂಲು ಮಕ್ಕಳೂ ಅರ್ಧ ನಿಮಿಷದಲ್ಲಿ ಅದನ್ನು ಪುಡಿ ಮಾಡುತ್ತಿದ್ದರು.

“ಸರಿ ಅಪ್ಪ” ಎಂದೆ.

ಇಬ್ಬರೂ ಆಟೋದಲ್ಲಿ ಹೋಗಿಬನ್ನಿ ಎಂದು ನೋಡಿದೆ. “ಆಟೋದಲ್ಲಿ ಹೋದ್ರೆ ಔಷಧಿ ಅಂಗಡಿಗೆ ಹೊರಟ ಹಾಗಿರುತ್ತೆ” ಎಂದರು ಅಮ್ಮ. ಹಾಗಾಗಿ ಈಗ ಚಾಲಕಿ ನಾನೇ. ಸೀಟು ಎರಡೇ ಇರುವುದರಿಂದ ಒಂದು ಸಂಜೆ ಅಪ್ಪ, ಇನ್ನೊಂದು ಸಂಜೆ ಅಮ್ಮ. ಇಬ್ಬರೂ ಒಟ್ಟಿಗೆ ಹೋಗುವ ಹಾಗಿಲ್ಲ. ಅಪ್ಪನ ಸರದಿಯ ದಿನ ಅಮ್ಮ ಗೇಟಿನವರೆಗೆ ಬಂದು, “ಬೇಗ ಬನ್ನಿ” ಎಂದು, ಬೀನ್ಸ್ ಬುಟ್ಟಿಗೆ ಮರಳುತ್ತಾರೆ. ದರ್ಶಿನಿಯಲ್ಲಿ ಅಪ್ಪ ಫುಲ್ ಕಾಫಿ ತಗೊಂಡು ಅರ್ಧ ಕುಡಿದು ಲೋಟ ಆ ಕಡೆ ಸರಿಸಿಬಿಡುತ್ತಾರೆ. ಆ ಕಡೆ ನಿಂತಿರುವ ನನಗೆ ಕಾಫಿ ಅಭ್ಯಾಸವಿಲ್ಲ.

ಮೊನ್ನೆ ಅದೇ ಫ್ಲೈಓವರ್ ಹತ್ತಿದೆವು. ದೊಡ್ಡ ಎಂಜಿನ್ನಿಗೆ ಯಾವ ಆಟೋವೂ ಸಾಟಿಯಾಗಲಿಲ್ಲ, ನಿಜ. ಗೇರು ಬದಲಿಸುವಾಗ ಓರೆಗಣ್ಣಿನಿಂದ ನೋಡಿದೆ. ಪಕ್ಕದ ಸೀಟಿನಲ್ಲಿ ಅಪ್ಪನ ಎಡಗಾಲು, ಅಲ್ಲಿ ಏನೂ ಇಲ್ಲದ ನೆಲವನ್ನು ಮೆತ್ತಗೆ ಒತ್ತಿ, ಮೆತ್ತಗೆ ಬಿಟ್ಟಿತು. ಪ್ರತಿ ಗೇರಿಗೂ ಹಾಗೇ.

ಅವರ ಗೇರು ಒಂದಿಷ್ಟೂ ಸದ್ದಿಲ್ಲದೆ ಬೀಳುತ್ತಿತ್ತು. ನನ್ನದೇ ಕರ್ರ್ ಎನ್ನುತ್ತಿತ್ತು!