ಊರ ಕೆಲಸವೂ ಗಿಡದಲ್ಲೇ ಉಳಿದ ಕಾಫಿಯೂ

ಊರಿನಲ್ಲಿ ಯಾರಾದರೂ ಏನಾದರೂ ಕೇಳಿದಾಗ ಒಂದು ಸಲ "ಆಗಲಿ, ನೋಡೋಣ" ಅಂದುಬಿಟ್ಟರೆ ಮುಗಿಯಿತು, ಮುಂದಿನದ್ದೆಲ್ಲ ತಾನಾಗಿಯೇ ಆಗುತ್ತಾ ಹೋಗುತ್ತದೆ. ನಾನು ಗಾಳಿಬೀಡು ಕಡೆಯ ಸಣ್ಣ ಕಾಫಿ ಬೆಳೆಗಾರ. ಮನೆಯಲ್ಲಿ ಅಪ್ಪ, ಹೆಂಡತಿ, ಒಂದು ಹಳೆ ಜೀಪು. ದೇವಸ್ಥಾನದ ಸಮಿತಿ, ಶಾಲೆಯ ಸಮಿತಿ, ಕುಡಿಯುವ ನೀರಿನ ಸಮಿತಿ ಎಲ್ಲದರಲ್ಲೂ ಇದ್ದೇನೆ. ಮನೆಗೊಂದು ಸಮಿತಿ ಇಲ್ಲದ್ದರಿಂದ ಅಲ್ಲಿ ಮಾತ್ರ ನಾನು ಸಿಗುವುದಿಲ್ಲ ಎಂದು ಹೆಂಡತಿ ಹೇಳುತ್ತಾಳೆ.

ಈಗ ಹೇಳುವುದೆಲ್ಲ ಕಳೆದ ಕಾಫಿ ಪಿಕ್ಕಿಂಗ್ ಕಾಲದಲ್ಲಿ ನಡೆದದ್ದು. ಹಣ್ಣು ಕೆಂಪಾಗಿ ಗಿಡ ಬಾಗಿತ್ತು. ಕೊಯ್ಯಲು ಜನ ಇಲ್ಲ. ಅಕಾಲದಲ್ಲಿ ಮೋಡ ಬೇರೆ ಕಟ್ಟಿತ್ತು. ಮಳೆ ಬಿದ್ದರೆ ಹಣ್ಣು ಒಡೆದು ನೆಲ ಸೇರುತ್ತದೆ, ನಮ್ಮ ವರ್ಷದ ಊಟವೂ ಅದರ ಜೊತೆಗೇ ಹೋಗುತ್ತದೆ.

ಅಸ್ಸಾಮಿನವರು

ಹೇಗೋ ಒದ್ದಾಡಿ ಅಸ್ಸಾಮಿನ ಕೆಲಸಗಾರರ ಒಂದು ಗುಂಪನ್ನು ಹಿಡಿದು ಜೀಪಿನಲ್ಲಿ ಕರೆತರುತ್ತಿದ್ದೆ. ದಾರಿಯಲ್ಲಿ ಒಂಟಿ ಅಜ್ಜಿಯೊಬ್ಬರು ತಮ್ಮ ತೋಟದ ಗೇಟಿನ ಬಳಿ ನಿಂತಿದ್ದರು. "ನನ್ನ ಕಾಫಿ ಎಲ್ಲ ಉದುರ್ತಾ ಉಂಟು ಮಗ," ಅಂದರು. ಬಾಯಿ ತಪ್ಪಿ "ಆಗಲಿ ಅಜ್ಜಿ, ನೋಡೋಣ" ಅಂದೆ. ಗುಂಪು ಅಲ್ಲೇ ಇಳಿಯಿತು.

ಅಜ್ಜಿಯ ತೋಟ ಮುಗಿಯುವಷ್ಟರಲ್ಲಿ ಕಾಲು ಮುರಿದುಕೊಂಡವರೊಬ್ಬರು ಫೋನ್ ಮಾಡಿದರು. ಅವರದ್ದು ಮುಗಿಯುವಷ್ಟರಲ್ಲಿ ಮಗಳ ಮದುವೆ ಇದ್ದವರು ಮನೆಗೇ ಬಂದು ಕೂತರು. ಹೆಂಡತಿ ಮಾತ್ರ ದಿನಾ ಬೆಳಿಗ್ಗೆ ಎಲ್ಲರಿಗೂ ಸಾಕಾಗುವಷ್ಟು ರೊಟ್ಟಿ ತಟ್ಟಿ ಗೇಟು ನೋಡುತ್ತಿದ್ದಳು.

ಕೊನೆಗೆ ಗುಂಪು ಊರಿಗೆ ಹೊರಟು ನಿಂತಿತು. ಅವರಲ್ಲಿ ಹಿರಿಯನಾದವನು ನನ್ನ ಕೈ ಹಿಡಿದು ಬಹಳ ಮರುಕದಿಂದ ಕೇಳಿದ: "ಸಾಬ್, ಸಬ್ ಕಾ ತೋಟ ಆಯ್ತು. ಆಪ್ ಕೋ ತೋಟ ಇಲ್ವಾ?"

ತುರ್ತು ಕರೆ

ನಮ್ಮ ಊರಿಗೆ ಆಂಬುಲೆನ್ಸ್ ಬರುವ ಮೊದಲು ನನ್ನ ಜೀಪು ಬರುತ್ತದೆ. ಹೆರಿಗೆ, ಹಾವು ಕಡಿತ, ಜ್ವರ, ಯಾವುದೇ ಇರಲಿ, ಮಡಿಕೇರಿ ಆಸ್ಪತ್ರೆಗೆ ನಾನೇ ಸಾರಥಿ.

ಅದೇ ವಾರ ಹೆಂಡತಿಗೆ ಹಲ್ಲುನೋವು. "ನಾಳೆ ಹೋಗೋಣ" ಅಂದೆ. ಮರುದಿನ ಊರ ನೀರಿನ ಪೈಪು ಒಡೆಯಿತು. "ನಾಳೆ ಖಂಡಿತ" ಅಂದೆ. ದೇವಸ್ಥಾನದಲ್ಲಿ ಮೀಟಿಂಗ್ ಬಂತು. ಮೂರನೆಯ ದಿನ ಜಗಲಿಯಲ್ಲಿ ಕೂತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್. ಬಾಯಿ ಬಿಡಲಾಗದ ಯಾರೋ ಹೆಂಗಸು, "ಹಲ್ಲುನೋವು ತಡೀಲಿಕ್ಕೆ ಆಗ್ತಾ ಇಲ್ಲ. ಜೀಪು ಸಿಗ್ಬಹುದಾ?" ಅಂದಳು.

"ಅಯ್ಯೋ, ಅದಕ್ಕೆಂತ, ಈಗಲೇ ಹೊರಟೆ," ಎಂದು ಎದ್ದು ಚಪ್ಪಲಿ ಮೆಟ್ಟಿದೆ. "ಮನೆ ಎಲ್ಲಿ?"

"ನಿಮ್ಮ ಅಡುಗೆಮನೆ. ಪಕ್ಕದ ಮನೆಗೆ ಬಂದ ನೆಂಟರ ಫೋನು. ಬೇಗ ಬನ್ನಿ."

ಶಾಲು

ನಾವಿಬ್ಬರೇ ಸೇರಿ ಕೊಯ್ದ ಸ್ವಲ್ಪ ಹಣ್ಣು ಕಣದಲ್ಲಿ ಒಣಗುತ್ತಿತ್ತು. ಮೋಡ ಕಪ್ಪಾದದ್ದೇ ಹೆಂಡತಿ ಟಾರ್ಪಾಲ್ ಹುಡುಕಿದಳು. ಅದು ಶಾಲೆಯ ವಾರ್ಷಿಕೋತ್ಸವದ ಚಪ್ಪರದ ಮೇಲಿತ್ತು, ಕೊಟ್ಟವನು ನಾನೇ. "ಈಗಲೇ ತರ್ತೇನೆ" ಎಂದು ಓಡಿದೆ. ಮೇಷ್ಟ್ರು ಕಂಡದ್ದೇ ವೇದಿಕೆಗೆ ಎಳೆದು, ಸಮಾಜಸೇವಕರೆಂದು ಹೊಗಳಿ ಶಾಲು ಹೊದಿಸಿದರು. ಅದೇ ಚಪ್ಪರದಡಿ ನಿಂತು ಚಪ್ಪರ ಬಿಚ್ಚಿ ಅನ್ನುವುದು ಹೇಗೆ? ಶಾಲು ಹೊದ್ದುಕೊಂಡೇ ವಾಪಸ್ ಬಂದೆ.

ಹೆಂಡತಿ ನನ್ನ ಮುಖ ನೋಡಲಿಲ್ಲ. ಹೆಗಲಿನಿಂದ ಶಾಲು ತೆಗೆದು, ಕಣದ ಒಂದು ಮೂಲೆಗೆ ಹೊದಿಸಿ, "ಇಷ್ಟಾದ್ರೂ ಮುಚ್ಚಿತು," ಅಂದಳು.

ಎರಡು ಗುಂಡು

ನಮ್ಮ ಕಡೆ ಮನೆಮನೆಯಲ್ಲೂ ಕೋವಿ ಉಂಟು, ಅದಕ್ಕೊಂದು ಲೆಕ್ಕವೂ ಉಂಟು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದು, ಎರಡು. ಒಂದೇ ಕೇಳಿದರೆ ಮಗು ಇಲ್ಲವೇ ಮಂಗ, ಅವಸರವಿಲ್ಲ. ಎರಡು ಕೇಳಿತೋ, ಊರೇ ಕೆಲಸ ನಿಲ್ಲಿಸಿ ಮನೆಗೊಬ್ಬರಂತೆ ಹೊರಡಬೇಕು. ಹಾಗಾಗಿ ಮಂಗ ಓಡಿಸುವವರು ಒಂದು ಹೊಡೆದು, ಆಮೇಲೆ ಡಬ್ಬ ಬಡಿಯುತ್ತಾರೆ.

ಹೀಗಿರುವಾಗ ಒಂದು ಬೆಳಿಗ್ಗೆ ಕಿತ್ತಳೆ ಮರದ ತುಂಬ ಮಂಗ. ನಾನು ಜೋಡಿ ನಳಿಗೆಯ ಕೋವಿಯಿಂದ ಒಂದು ಹೊಡೆದು, ಕೋವಿಯನ್ನು ಜಗಲಿ ಕಂಬಕ್ಕೆ ಒರಗಿಸಿ ಡಬ್ಬ ತರಲು ಹೋದೆ. ಎಂಬತ್ತು ದಾಟಿದ ಅಪ್ಪನಿಗೆ ಕಿವಿ ಮಂದ. ನನ್ನ ಗುಂಡು ಅವರಿಗೆ ಕೇಳಿಸಿಯೇ ಇಲ್ಲ. ಹೊರಗೆ ಬಂದು ಮಂಗ ನೋಡಿದರು, ಕೋವಿ ನೋಡಿದರು, ಎತ್ತಿ ಇನ್ನೊಂದು ಹೊಡೆದೇಬಿಟ್ಟರು.

ಮಂಗಗಳು ಹೋದವು. ಆದರೆ ಊರಿಗೆ ಕೇಳಿದ್ದು ಎರಡು ಗುಂಡು. ಫೋನ್ ಮಾಡಿ ತಿಳಿಸೋಣವೆಂದರೆ ನೆಟ್‌ವರ್ಕ್ ಇಲ್ಲ.

ಮೊದಲು ಬಂದವರು ಪಕ್ಕದ ತೋಟದವರು. ಹೆಗಲಲ್ಲಿ ಚಿತೆಗೆ ಸೌದೆ ಕಡಿಯುವ ಕತ್ತಿ, ಕಣ್ಣಲ್ಲಿ ನೀರು. ಅಪ್ಪ ಜಗಲಿಯಲ್ಲಿ ಕಾಫಿ ಕುಡಿಯುತ್ತಾ, "ಯಾರು ಹೋದದ್ದು ಮಾರಾಯ? ತಡಿ, ಪಂಚೆ ಬದಲಿಸಿ ನಾನೂ ಬರ್ತೇನೆ," ಅಂದರು.

ಅವರು ಅಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀವೇ, ದೊಡ್ಡಪ್ಪ," ಅಂದರು.

ಅರ್ಧ ಗಂಟೆಯಲ್ಲಿ ಅಂಗಳ ತುಂಬಿತು. ಇಷ್ಟು ಜನ ಯಾವ ಮೀಟಿಂಗಿಗೂ ಬಂದದ್ದನ್ನು ನಾನು ಕಂಡಿಲ್ಲ. ಎಲ್ಲರೂ ತಮ್ಮ ತೋಟದ ಕೆಲಸ ನಿಲ್ಲಿಸಿ, ಓಡಿ ಬಂದಿದ್ದರು. ನನಗೆ ನಾಚಿಕೆಯಾಯಿತು. ಕೈಮುಗಿದು, "ತಪ್ಪಾಯ್ತು, ಮಂಗಕ್ಕೆ ಹೊಡೆದದ್ದು, ಹೋಗಿ ಬನ್ನಿ," ಅಂದೆ.

"ಹೋಗುವುದೆಂತ?" ಎಂದು ಒಳಗಿನಿಂದ ಹೆಂಡತಿ ಬಂದಳು. ಒಂದು ಕೈಯಲ್ಲಿ ಬುಟ್ಟಿಗಳು, ಇನ್ನೊಂದರಲ್ಲಿ ಚೀಲಗಳು. "ಹೇಗೂ ಇವತ್ತಿನ ಕೆಲಸ ಬಿಟ್ಟು ಬಂದಿದ್ದೀರಿ. ಮಾವನನ್ನು ಹೊರುವ ಬದಲು ಕಾಫಿ ಹೊತ್ತುಬಿಡಿ."

ಮೊದಲು ಪಕ್ಕದ ತೋಟದವರು ಕತ್ತಿ ಕೆಳಗಿಟ್ಟು ಬುಟ್ಟಿ ತೆಗೆದುಕೊಂಡರು. ಅವರ ಹಿಂದೆ ಊರೇ ತೋಟಕ್ಕೆ ಇಳಿಯಿತು. ಅಪ್ಪ ಕುರ್ಚಿ ಹಾಕಿಸಿಕೊಂಡು, "ಏಯ್, ಮೇಲಿನ ಕೊಂಬೆ ಬಿಟ್ಟೆ ನೋಡು," ಎಂದು ತಮ್ಮ ಸಾವಿಗೆ ಬಂದವರನ್ನೆಲ್ಲ ಗದರಿಸುತ್ತಾ ಕೂತರು.

ಸಂಜೆ ಕೊನೆಯ ಚೀಲ ಒಳಗೆ ಬಂತು. ಸ್ವಲ್ಪ ಹೊತ್ತಿಗೆ ಮಳೆಯೂ ಬಂತು. ಹೆಂಡತಿ ಬಹಳ ದಿನಗಳ ಮೇಲೆ ನಗುತ್ತಾ ಎಲ್ಲರಿಗೂ ಕಡುಬು, ಕೋಳಿ ಸಾರು ಬಡಿಸಿದಳು. ಎಲ್ಲರೂ ಹೋದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದು ಹೇಳಿದರು:

"ಮುಂದಿನ ವರ್ಷವೂ ಜನ ಸಿಗದಿದ್ರೆ ಮೊದಲೇ ಹೇಳು. ಇನ್ನೊಂದು ಸಲ ಸಾಯ್ತೇನೆ, ನನಗೆಂತ ಕಷ್ಟ ಇಲ್ಲ."